ಟರ್ಮೆಸೋಸ್ ಬೆಟ್ಟ: ಮಂಡಿನೋವಿನ ಅಮ್ಮ, ಪ್ರಾಣಿಗಳ ಹುಚ್ಚಿನ ಮಗ – ಹೋಗಬಹುದೇ?

ನೀಲಿಕೊಡೆ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಮೂರನೆಯ ವಾರ ನಾವು ನಾಲ್ವರು ಟರ್ಕಿಯ ಅಂಟಾಲ್ಯದಲ್ಲಿ ಐದು ದಿನ ಇರಲಿದ್ದೇವೆ. ಸಮುದ್ರ, ಹಳೆಯ ಪೇಟೆ, ಜಲಪಾತ ಎಲ್ಲ ಪಟ್ಟಿಯಲ್ಲಿವೆ. ಮಗನಿಗೆ ಒಂಬತ್ತು ವರ್ಷ, ಪ್ರಾಣಿಗಳ ಹುಚ್ಚು. ಯಜಮಾನರಿಗೆ ಹಳೆಯ ಕಲ್ಲುಗಳ ಹುಚ್ಚು. ಇಬ್ಬರನ್ನೂ ಒಂದೇ ದಿನದಲ್ಲಿ ಸಮಾಧಾನಪಡಿಸುವ ಜಾಗ ಹುಡುಕಿದಾಗ ಸಿಕ್ಕಿದ್ದು ಗುಲ್ಲುಕ್ ಬೆಟ್ಟದ ಟರ್ಮೆಸೋಸ್ ರಾಷ್ಟ್ರೀಯ ಉದ್ಯಾನ. ಕಾಡೂ ಇದೆಯಂತೆ, ಹಾಳುಬಿದ್ದ ಪಟ್ಟಣವೂ ಇದೆಯಂತೆ.

ತೊಡಕು ನನ್ನ ಅಮ್ಮನದು. 66 ವರ್ಷ, ಎಡಗಾಲಿನ ಮಂಡಿನೋವು. ಆದರೆ ಹೋಟೆಲಿನಲ್ಲಿ ಬಿಟ್ಟು ಹೋಗುತ್ತೇವೆಂದರೆ ಎರಡು ದಿನ ಮಾತು ಬಿಡುವ ಜೀವ. ಹೋದ ವರ್ಷ ಶಿವಗಂಗೆಯನ್ನು ಅರ್ಧ ಹತ್ತಿ, ಅಲ್ಲೇ ಕುಳಿತು ಕಡಲೆಕಾಯಿ ತಿಂದು ನಮಗೆ ಕಾದಿದ್ದರು. ಹೋಗಿ ಬಂದವರು ಇದ್ದರೆ ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಪ್ರಾಣಿಗಳು ನಿಜಕ್ಕೂ ಕಾಣಿಸುತ್ತವೆಯೇ, ಅದನ್ನೂ ತಿಳಿಸಿ.

ಚಾರಣದ ಚೀಲ

ಅಮ್ಮನನ್ನು ಕರೆದೊಯ್ಯಬೇಡಿ. ಅದು ಮೆಟ್ಟಿಲು ಕಟ್ಟಿ ಕೈಕಂಬಿ ಹಾಕಿದ ಬೆಟ್ಟವಲ್ಲ, ಉರುಳಿದ ಕಲ್ಲುಗಳ ದಾರಿ. ನನ್ನ ಗೆಳೆಯನ ಕಾಲು ಉಳುಕಿ ಅರ್ಧ ದಾರಿ ಹೊತ್ತು ತರಬೇಕಾಯಿತು. ಅವನ ತೂಕ 84 ಕಿಲೋ. ಹೆಚ್ಚು ಹೇಳುವುದಿಲ್ಲ.

ಕಲ್ಲುಮಂಟಪ

ನಾನಿರುವುದು ಸ್ಟುಟ್‌ಗಾರ್ಟಿನಲ್ಲಿ. ಚಳಿ ತಡೆಯಲಾಗದೆ ಅಂಟಾಲ್ಯಕ್ಕೆ ಓಡಿಹೋಗುವ ಜಾತಿಯವನು. ಟರ್ಮೆಸೋಸಿಗೆ ಮೂರು ಸಲ ಹೋಗಿದ್ದೇನೆ. ಚಾರಣದ ಚೀಲ ಅವರ ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ.

ಅಂಟಾಲ್ಯದಿಂದ ವಾಯವ್ಯಕ್ಕೆ ಸುಮಾರು 35 ಕಿಲೋಮೀಟರ್. ಕೊರ್ಕುತೆಲಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಎಡಕ್ಕೆ ತಿರುಗಿದರೆ ಉದ್ಯಾನದ ಬಾಗಿಲು. ಅಲ್ಲಿಂದ 9 ಕಿಲೋಮೀಟರ್ ಪೈನ್ ಕಾಡಿನೊಳಗೆ ತಿರುವು ತಿರುವಿನ ಏರುರಸ್ತೆ. ವಾಹನ ನಿಲ್ಲಿಸುವ ಜಾಗದ ಪಕ್ಕದಲ್ಲೇ ರೋಮನ್ ಚಕ್ರವರ್ತಿ ಹೇಡ್ರಿಯನ್ನನ ಕಾಲದ ಬಾಗಿಲುವಾಡವೊಂದು ನಿಂತಿದೆ. ಅಮ್ಮ ಕಾರಿನಿಂದ ಇಳಿದು ಹತ್ತು ಹೆಜ್ಜೆ ಇಟ್ಟರೂ ಎರಡು ಸಾವಿರ ವರ್ಷದ ಹತ್ತಿರದ ಕಲ್ಲನ್ನು ಮುಟ್ಟಬಹುದು. ಮುಂದಿನದು ಕಾಲುದಾರಿ. ಕೆಳಗಿನ ಕೋಟೆಗೋಡೆ, ಗರಡಿಮನೆ ಮತ್ತು ಸ್ನಾನಗೃಹದ ದೊಡ್ಡ ಕಟ್ಟಡ, ಮೇಲಿನ ಗೋಡೆ, ಆಮೇಲೆ ಊರಿನ ಮಾರುಕಟ್ಟೆ ಚೌಕ, ಕೊನೆಗೆ ರಂಗಮಂದಿರ. ಗಟ್ಟಿ ಕಾಲಿನವರಿಗೆ ನಲವತ್ತು ನಿಮಿಷ. ನಿಮ್ಮ ಅಮ್ಮನಿಗೆ ಎರಡು ಗಂಟೆ ಎಂದುಕೊಳ್ಳಿ. ಮಂಡಿಯವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಊರುಗೋಲು ಒಂದಲ್ಲ, ಎರಡು ಇರಲಿ. ಎಲ್ಲಿ ಬೇಕಾದರೂ ಕುಳಿತುಕೊಳ್ಳಬಹುದು. ಊರು ತುಂಬ ಕಲ್ಲೇ ಇರುವಾಗ ಆಸನಕ್ಕೇನು ಬರ.

ನೀರು ಮಾತ್ರ ಹೊತ್ತೇ ಹೋಗಬೇಕು. ಮೇಲೆ ಅಂಗಡಿಯಿಲ್ಲ, ನಲ್ಲಿಯಿಲ್ಲ. ತಲೆಗೆ ಒಂದೂವರೆ ಲೀಟರಾದರೂ ಇರಲಿ. ಇದನ್ನು ಮುಂಜಾಗ್ರತೆಯ ಮಾತೆಂದಷ್ಟೇ ಓದಬೇಡಿ, ಆ ಊರಿನ ಕಥೆಯೇ ಅದು. ಬೆಟ್ಟವೆಲ್ಲ ಸುಣ್ಣಕಲ್ಲು. ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು ಹೋಗುತ್ತದೆ. ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಅಂಥ ಕಡೆ, ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ, ಜನ ಊರು ಕಟ್ಟಿ ಶತಮಾನಗಟ್ಟಲೆ ಬದುಕಿದರು. ಹೇಗೆಂದರೆ ಬಂಡೆ ಕೊರೆದು ನೆಲದಡಿಯ ತೊಟ್ಟಿಗಳನ್ನು ಮಾಡಿಕೊಂಡು. ಚೌಕದ ಒಂದು ಮಗ್ಗುಲಲ್ಲಿ ಐದು ದೊಡ್ಡ ತೊಟ್ಟಿಗಳಿವೆ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ನಮ್ಮ ಕಡೆ ರಾಗಿ ತುಂಬುತ್ತಿದ್ದ ಹಗೇವು ನೋಡಿದವರಿಗೆ ಥಟ್ಟನೆ ಅದೇ ನೆನಪಾಗುತ್ತದೆ. ಇಲ್ಲಿ ಮಗನ ಕೈ ಬಿಡಬೇಡಿ. ಎಷ್ಟೋ ತೊಟ್ಟಿಗಳ ಸುತ್ತ ಬೇಲಿಯಿಲ್ಲ, ಬಾಯಿಯ ಮೇಲೆ ಪೊದೆ ಬೆಳೆದಿರುತ್ತದೆ.

ಕ್ರಿ.ಪೂ. 333ರಲ್ಲಿ ಅಲೆಕ್ಸಾಂಡರ್ ಈ ದಾರಿಯಲ್ಲಿ ಬಂದ. ಕಣಿವೆಯ ಬಾಯಿ ಹಿಡಿದ, ಊರನ್ನು ಹಿಡಿಯಲಿಲ್ಲ. ಮುತ್ತಿಗೆಗೆ ದಿನಗಳು ಹಿಡಿಯುತ್ತವೆಂದು ಕಂಡುಕೊಂಡು ಸಗಲಾಸೋಸ್ ಎಂಬ ಇನ್ನೊಂದು ಬೆಟ್ಟದೂರಿನ ಕಡೆ ಹೊರಟುಹೋದ. ಪ್ರವಾಸಿ ಪುಸ್ತಕಗಳು ಇದನ್ನು ‘ಅಲೆಕ್ಸಾಂಡರನನ್ನು ಸೋಲಿಸಿದ ನಗರ’ ಎಂದು ಊದಿ ಬರೆಯುತ್ತವೆ. ಸೋಲಿಸಲಿಲ್ಲ, ಬೇಸರ ಹಿಡಿಸಿದರು. ನನಗೇನೋ ಅದೇ ದೊಡ್ಡ ಸಾಧನೆಯೆನಿಸುತ್ತದೆ. ಹೊರಗಿನವನ ಸೈನ್ಯವನ್ನು ದಣಿಸಿ ಕಳಿಸಿದ ಬೆಟ್ಟವೇ ಮುಂದೆ ಒಳಗಿನವರನ್ನೂ ಖಾಲಿ ಮಾಡಿಸಿತು. ಭೂಕಂಪದಲ್ಲಿ ನೀರಿನ ಕಾಲುವೆ ಒಡೆದ ಮೇಲೆ ಜನ ಊರು ಬಿಟ್ಟರು ಎನ್ನುತ್ತಾರೆ.

ಬಿಸಿಬೇಳೆ

ಬಸ್ಸಿನಲ್ಲಿ ಹೋಗುವವರಿಗೆ ನನ್ನ ಪಾಡಿನ ಕಥೆ. ಕೊರ್ಕುತೆಲಿ ಬಸ್ಸು ಹತ್ತಿದರೆ ಬಾಗಿಲ ಬಳಿ ಇಳಿಸುತ್ತಾರೆ, ಅಲ್ಲಿಯವರೆಗೆ ಸುಖ. ಉಳಿದ 9 ಕಿಲೋಮೀಟರಿಗೆ ಅಲ್ಲೇ ಸಿಕ್ಕ ಬಾಡಿಗೆ ಕಾರು ಹಿಡಿದೆವು. ‘ಮೂರು ಗಂಟೆ ಕಾಯುತ್ತೇನೆ’ ಎಂದು ಬೆರಳೆತ್ತಿ ತೋರಿಸಿದ ಚಾಲಕ, ಹೋಗಿಬರುವ ಹಣವನ್ನೆಲ್ಲ ಮೊದಲೇ ಇಸಿದುಕೊಂಡಿದ್ದ. ಕೆಳಗಿಳಿದು ಬಂದಾಗ ಕಾರಿನ ಜಾಗದಲ್ಲಿ ಒಂದು ಬೆಕ್ಕು ಕುಳಿತಿತ್ತು. ಒಂಬತ್ತು ಕಿಲೋಮೀಟರ್ ನಡೆದೇ ಇಳಿದೆವು. ಬರುವ ಹಣವನ್ನು ಬಂದ ಮೇಲೆಯೇ ಕೊಡಿ. ಅಮ್ಮ ಜೊತೆಗಿರುವಾಗ ಅಂಟಾಲ್ಯದಿಂದಲೇ ಇಡೀ ದಿನಕ್ಕೆ ಕಾರು ಮಾಡಿಕೊಳ್ಳುವುದು ಮೇಲು.

ಊಟದ ಚಿಂತೆ ಬೇಡ. ಗೋಜ್ಲೆಮೆ ಎಂಬ ತೆಳುರೊಟ್ಟಿ ಎಲ್ಲೆಡೆ ಸಿಗುತ್ತದೆ. ಪಾಲಕ್ ಅಥವಾ ಆಲೂಗಡ್ಡೆ ಹೂರಣ ಇಟ್ಟು ಕಾವಲಿಯ ಮೇಲೆ ಸುಡುತ್ತಾರೆ. ಹಿಂದಿನ ಸಂಜೆಯೇ ಕಟ್ಟಿಸಿಕೊಂಡರೂ ಮರುದಿನ ಮಧ್ಯಾಹ್ನಕ್ಕೆ ಮೆತ್ತಗಿರುತ್ತದೆ. ಜೊತೆಗೆ ಐರಾನ್, ಅಂದರೆ ನಮ್ಮ ಉಪ್ಪು ಮಜ್ಜಿಗೆ. ಒಗ್ಗರಣೆ ಇಲ್ಲ ಎಂಬ ದುಃಖ ಒಂದು ಬಿಟ್ಟರೆ ಏನೂ ತೊಂದರೆಯಿಲ್ಲ.

ಹಕ್ಕಿಗೂಡು

ಪ್ರಾಣಿಗಳ ಬಗ್ಗೆ ಯಾರೂ ಬಾಯಿಬಿಡಲಿಲ್ಲವಲ್ಲ! ನೀಲಿಕೊಡೆ ಅವರೇ, ಮಗನಿಗೆ ಮೊದಲೇ ಹೇಳಿಬಿಡಿ: ಇದು ನಾಗರಹೊಳೆಯ ಸಫಾರಿ ಅಲ್ಲ. ಜೀಪಿಲ್ಲ, ನೀರುಗುಂಡಿಯ ಬಳಿ ಸಾಲಾಗಿ ನಿಂತ ಜಿಂಕೆಗಳಿಲ್ಲ. ಉದ್ಯಾನಕ್ಕೆ ರಾಷ್ಟ್ರೀಯ ಉದ್ಯಾನದ ಪಟ್ಟ ಸಿಕ್ಕಿದ್ದು 1970ರಲ್ಲಿ, ಹರವು ಸುಮಾರು 67 ಚದರ ಕಿಲೋಮೀಟರ್. ಅದರಲ್ಲಿ ಬಹುಪಾಲು ನಮ್ಮ ಕಾಲಿಗೆ ಎಟುಕದ ಕಡಿದಾದ ಬಂಡೆ. ಬೆಟ್ಟದ ತುದಿ 1,665 ಮೀಟರ್.

ಇಲ್ಲಿಯ ದೊಡ್ಡ ಹೆಸರು ಕಾಡುಮೇಕೆ. ನಮ್ಮ ಮನೆಯ ಮೇಕೆಗಳ ಮೂಲಪುರುಷ ಇದೇ ಜಾತಿ. ಗಂಡಿನ ಕೊಂಬು ಕತ್ತಿಯಂತೆ ಹಿಂದಕ್ಕೆ ಬಾಗಿರುತ್ತದೆ. ಎರಡು ಬೆಳಿಗ್ಗೆ ಕಾದು ನಾನು ಕಂಡದ್ದು ಒಂದೇ ಸಲ, ಅದೂ ದುರ್ಬೀನಿನಲ್ಲಿ, ಎದುರಿನ ಬಂಡೆಯ ಮೇಲೆ. ಮತ್ತೊಂದು, ಫ್ಯಾಲೋ ಜಿಂಕೆ. ಮೈಮೇಲೆ ಚುಕ್ಕೆಯಿರುವುದರಿಂದ ನಮ್ಮ ಚುಕ್ಕೆಜಿಂಕೆಯ ಅಣ್ಣತಮ್ಮನಂತೆ ಕಾಣುತ್ತದೆ, ಆದರೆ ಕೊಂಬು ಅಂಗೈ ಹರಡಿದಂತೆ ಅಗಲ. ಯುರೋಪಿನ ಉದ್ಯಾನಗಳಲ್ಲೆಲ್ಲ ಈ ಜಿಂಕೆಯನ್ನು ಸಾಕಿ ಬಿಟ್ಟಿದ್ದಾರೆ. ಆದರೆ ಟರ್ಕಿಯಲ್ಲಿ ಮೂಲದಿಂದಲೂ ಉಳಿದುಬಂದ ಕಾಡು ಹಿಂಡಿಗೆ ಕೊನೆಯ ನೆಲೆ ಈ ಬೆಟ್ಟದ ಬುಡದ ದುಜ್ಲೆರ್‌ಚಾಮ್ ಕಾಡು. 1960ರ ದಶಕದಿಂದ ಅಲ್ಲಿ ಬೇಲಿಯೊಳಗೆ ಸಾಕಿ ಸಂತತಿ ಬೆಳೆಸುವ ಕೆಲಸ ನಡೆದಿದೆ. ಕಂಡರೆ ನಿಮ್ಮ ಪುಣ್ಯ.

ಮಗನಿಗೆ ಖಂಡಿತ ಕಾಣುವಂಥವನ್ನು ಹೇಳುತ್ತೇನೆ. ಒಂದು, ಆಮೆ. ಏಪ್ರಿಲ್‌ನಲ್ಲಿ ಹುಲ್ಲಿನ ನಡುವೆ ಸರಬರ ಸದ್ದು ಕೇಳಿದರೆ ಹಾವೆಂದು ಬೆಚ್ಚಬೇಡಿ, ಮುಕ್ಕಾಲು ಪಾಲು ಅದು ನೆಲದ ಆಮೆ. (ಕಾಲು ಪಾಲು ಹಾವೂ ಇರಬಹುದು, ಷೂ ಹಾಕಿಸಿ.) ಎರಡು, ಕಲ್ಲಿನ ಮೇಲೆ ತಲೆಯಾಡಿಸುತ್ತ ಕುಳಿತ ಓತಿಕ್ಯಾತ. ಮೂರು, ನನ್ನ ಮೆಚ್ಚಿನದು: ರಾಕ್ ನಟ್‌ಹ್ಯಾಚ್. ಬೂದು ಬೆನ್ನು, ಕಣ್ಣಿಗೆ ಕಪ್ಪು ಕಾಡಿಗೆ ಗೆರೆ ಎಳೆದ ಪುಟ್ಟ ಹಕ್ಕಿ. ಗೋಡೆಯ ಬಿರುಕಿಗೆ ಹಸಿಮಣ್ಣು ಮೆತ್ತಿ ಹೂಜಿಯ ಕೊರಳಿನಂಥ ಗೂಡು ಕಟ್ಟುತ್ತದೆ. ರಂಗಮಂದಿರದ ಕಲ್ಲುಗೋಡೆಯಲ್ಲಿ ಒಂದು ಗೂಡು ನೋಡಿದ್ದೇನೆ. ಬಾಯಿಯ ಅಂಚು ನಯವಾಗಿ, ಕುಂಬಾರ ಬೆರಳಾಡಿಸಿದ ಹಾಗಿತ್ತು. ತಾಯಿಹಕ್ಕಿ ಹುಳು ಕಚ್ಚಿಕೊಂಡು ಬಂದು, ನನ್ನನ್ನು ಕಂಡು, ಗೂಡಿಗೆ ಹೋಗದೆ ಪಕ್ಕದ ಕಲ್ಲಿನ ಮೇಲೆ ಏನೂ ಗೊತ್ತಿಲ್ಲದವರಂತೆ ಕುಳಿತಿತ್ತು. ನಾನು ಎದ್ದು ದೂರ ಹೋದೆ.

ಇನ್ನೊಂದು ತಮಾಷೆ. ನಮ್ಮ ಜೊತೆ ಬಂದಿದ್ದ ಊರಿನವರೊಬ್ಬರು ಮರವೊಂದನ್ನು ತೋರಿಸಿ ‘ಸಂದಾಲ್, ಸಂದಾಲ್’ ಎಂದರು. ಮೈಸೂರಿನವನಾದ ನಾನು ಮೂಗನ್ನು ತೊಗಟೆಗೆ ಹಚ್ಚಿ ಶ್ರೀಗಂಧದ ಪರಿಮಳ ಹುಡುಕಿದ್ದೇ ಹುಡುಕಿದ್ದು. ಆಮೇಲೆ ತಿಳಿಯಿತು, ಅವರು ಸಂದಾಲ್ ಎನ್ನುವುದು ಬೇರೆಯೇ ಮರಕ್ಕೆ. ತೊಗಟೆ ಕಾಗದದಂತೆ ಸುಲಿದು ಒಳಗಿನ ಮೈ ನುಣ್ಣಗೆ ಕೆಂಪಗೆ ಹೊಳೆಯುತ್ತದೆ. ವಾಸನೆ ಸೊನ್ನೆ.

ಅರಳಿಕಟ್ಟೆ

ಎಲ್ಲರೂ ಹೊಗಳುತ್ತಿದ್ದೀರಿ, ಒಬ್ಬನಾದರೂ ಬೇರೆ ಮಾತು ಹೇಳಲಿ. ನನಗೆ ನಿರಾಸೆಯಾಯಿತು. ಆರು ದೇವಾಲಯಗಳಿವೆ ಎಂದು ಓದಿಕೊಂಡು ಹೋಗಿದ್ದೆ, ಕಂಡದ್ದು ಕಲ್ಲಿನ ರಾಶಿ. ಯಾವುದು ದೇವಾಲಯ, ಯಾವುದು ಅಂಗಡಿ, ತಿಳಿಯುವುದೇ ಇಲ್ಲ. ಹಂಪಿಯಲ್ಲಿ ಕನಿಷ್ಠ ಒಂದು ನೀಲಿ ಫಲಕವಾದರೂ ಇರುತ್ತದೆ. ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ 2000ದಲ್ಲೇ ಸೇರಿಸಿದ ಜಾಗವನ್ನು ಹೀಗೆ ಬಿಡುವುದೇ? ಟರ್ಕಿಯದೇ ಇನ್ನೊಂದು ಹಳೆಯ ಪಟ್ಟಣ ಎಫೆಸಸ್ ನೋಡಿ, ಕಂಬಗಳನ್ನು ಎತ್ತಿ ನಿಲ್ಲಿಸಿ, ದಾರಿ ಮಾಡಿ, ಎಷ್ಟು ಚೆನ್ನಾಗಿ ಇಟ್ಟಿದ್ದಾರೆ.

ತುಂಗಾತೀರ

ಎಫೆಸಸ್ಸಿನಲ್ಲಿ ನಾನು ಕಂಡದ್ದು ಮುಂದಿನವರ ಬೆನ್ನು. ಟರ್ಮೆಸೋಸಿನ ರಂಗಮಂದಿರದಲ್ಲಿ ನಾನೊಬ್ಬಳೇ ಮುಕ್ಕಾಲು ಗಂಟೆ ಕುಳಿತಿದ್ದೆ. ನಾಲ್ಕು ಸಾವಿರಕ್ಕೂ ಮಿಕ್ಕಿ ಜನ ಕೂರುತ್ತಿದ್ದ ಜಾಗ. ವೇದಿಕೆಯ ಹಿಂದೆ ಕಣಿವೆ, ಅದರಾಚೆ ಅಂಟಾಲ್ಯದ ಬಯಲು, ಕೊನೆಗೆ ಸಮುದ್ರದ ಒಂದು ಗೆರೆ. ಆ ಕಂಬ ಎತ್ತಿ ನಿಲ್ಲಿಸುವ ಕೆಲಸ ಇಲ್ಲಿ ಬೇಡ ಎನ್ನುವವಳು ನಾನು. ಕಾಡು ಹಿಂತೆಗೆದುಕೊಂಡದ್ದನ್ನು ಕಾಡಿಗೇ ಬಿಡಿ.

ಅರಳಿಕಟ್ಟೆ

ಕಾಡಿಗೇ ಬಿಟ್ಟರೆ ಬೇರು ಹೊಕ್ಕು ಉಳಿದ ಗೋಡೆಯೂ ಬೀಳುತ್ತದೆ ಮೇಡಂ. ಆಗ ಕುಳಿತುಕೊಳ್ಳಲು ಆಸನವೂ ಇರುವುದಿಲ್ಲ.

ಕಲ್ಲುಮಂಟಪ

ಇಬ್ಬರ ಮಾತಿನಲ್ಲೂ ಹುರುಳಿದೆ. ನನಗೆ ಅಗೆಯುವುದಕ್ಕಿಂತ ದೊಡ್ಡ ಚಿಂತೆ ಕದಿಯುವುದರದು. ಮೇಲಿನ ಸ್ಮಶಾನಕ್ಕೆ ಹೋಗಿ ನೋಡಿ. ಕಲ್ಲಿನ ಶವಪೆಟ್ಟಿಗೆಗಳು ಇಳಿಜಾರಿನ ತುಂಬ ಮಗುಚಿ ಬಿದ್ದಿವೆ. ಕೆಲವನ್ನು ಉರುಳಿಸಿದ್ದು ಭೂಕಂಪ. ಆದರೆ ಮುಚ್ಚಳದ ಮೂಲೆ ಒಡೆದು ಕೈ ತೂರುವಷ್ಟು ತೂತು ಮಾಡಿದ್ದು ಭೂಕಂಪವಲ್ಲ, ನಿಧಿಗಳ್ಳರು. ಆ ಭಯ ಸತ್ತವರಿಗೂ ಇತ್ತು. ಗೋರಿಯ ಮೇಲೆ ಕೆತ್ತಿಸಿದ್ದಾರೆ: ಇದನ್ನು ತೆರೆದವನು, ಬೇರೆ ಹೆಣ ಇಟ್ಟವನು ಇಷ್ಟು ದಂಡ ತೆರಬೇಕು, ಅದು ಊರದೇವರು ಜ್ಯೂಸ್ ಸೊಲಿಮಿಯಸ್ಸನ ಭಂಡಾರಕ್ಕೆ ಸೇರಬೇಕು. ನಮ್ಮ ದಾನಶಾಸನಗಳ ಕೊನೆಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂದು ಶಪಿಸುವುದು ನಮಗೆ ಗೊತ್ತು. ಅವರದು ಪಾಪವಲ್ಲ, ನಗದು. ಹಿಡಿದರೆ ತಾನೇ ದಂಡ.

ಅರಳಿಕಟ್ಟೆ ಅವರೇ, ಚೌಕದಲ್ಲಿ ಒಂದನ್ನಾದರೂ ಗುರುತಿಸಬಹುದಿತ್ತು. ವಾಯವ್ಯದ ಕಂಬಸಾಲು ಪೆರ್ಗಮಾನಿನ ರಾಜ ಎರಡನೆಯ ಅತ್ತಾಲೋಸ್ ಕೊಟ್ಟ ಕಾಣಿಕೆ. ಅದನ್ನು ನೋಡಿ, ‘ರಾಜನೊಬ್ಬನೇ ಏನು’ ಎಂದು ಊರಿನ ಸಾಹುಕಾರ ಓಸ್ಬಾರಸ್ ಎಂಬಾತ ಈಶಾನ್ಯದಲ್ಲಿ ಅಂಥದ್ದೇ ಇನ್ನೊಂದು ಕಟ್ಟಿಸಿದ. ಈಗ ಎರಡೂ ಒಂದೇ ಎತ್ತರಕ್ಕೆ ಮಲಗಿವೆ.

ಬಿಸಿಬೇಳೆ

ಬಂಡೆಯ ಮೇಲೆ ಕುದುರೆ ಸವಾರನನ್ನು ಕೆತ್ತಿದ ಒಂದು ಗೋರಿ ಕಂಡೆವು. ಅದು ಯಾರದು? ಪಕ್ಕದಲ್ಲಿ ಹಾವು ಹಿಡಿದ ಹದ್ದೂ ಇತ್ತು.

ಕಲ್ಲುಮಂಟಪ

ಆಹಾ, ಅದನ್ನು ಕಂಡಿರಾ! ಮುಖ್ಯ ದಾರಿ ಬಿಟ್ಟು ಪಕ್ಕಕ್ಕೆ ಹೋಗಬೇಕು, ಮುಕ್ಕಾಲು ಮಂದಿ ತಪ್ಪಿಸಿಕೊಳ್ಳುತ್ತಾರೆ. ಅದು ಅಲ್ಕೆಟಾಸನದು ಎನ್ನುತ್ತಾರೆ. ಅಲೆಕ್ಸಾಂಡರ್ ಸತ್ತ ಮೇಲೆ ಅವನ ಸೇನಾಪತಿಗಳು ರಾಜ್ಯಕ್ಕಾಗಿ ಕಚ್ಚಾಡಿದರಲ್ಲ, ಅವರಲ್ಲೊಬ್ಬ. ಕ್ರಿ.ಪೂ. 319ರಲ್ಲಿ ಇನ್ನೊಬ್ಬ ಸೇನಾಪತಿ ಆಂಟಿಗೋನಸ್ಸನ ಕೈಯಲ್ಲಿ ಸೋತು ಇಲ್ಲಿಗೆ ಓಡಿಬಂದ. ಊರಿನ ಹುಡುಗರು ‘ಪ್ರಾಣ ಹೋದರೂ ಬಿಟ್ಟುಕೊಡೆವು’ ಎಂದರು. ಹಿರಿಯರಿಗೆ ಊರು ಉಳಿದರೆ ಸಾಕಿತ್ತು. ಗುಟ್ಟಾಗಿ ಶತ್ರುವಿಗೆ ಹೇಳಿಕಳಿಸಿದರು: ನೀನು ಹಿಂದೆ ಸರಿದಂತೆ ನಟಿಸು, ಹುಡುಗರು ಅಟ್ಟಿಸಿಕೊಂಡು ಹೊರಗೆ ಬರುತ್ತಾರೆ, ಆಗ ಇವನನ್ನು ಒಪ್ಪಿಸುತ್ತೇವೆ. ಹಾಗೆಯೇ ಆಯಿತು. ಸೆರೆ ಸಿಗಬಾರದೆಂದು ಅಲ್ಕೆಟಾಸ್ ತನ್ನನ್ನು ತಾನೇ ಕೊಂದುಕೊಂಡ. ಹಿರಿಯರು ಹೆಣವನ್ನು ಹಳೆಯ ಬಟ್ಟೆ ಹೊದಿಸಿ ಹೊರಗೆ ಸಾಗಿಸಿದರು. ಆಂಟಿಗೋನಸ್ ಮೂರು ದಿನ ಆ ಹೆಣಕ್ಕೆ ಮಾಡಬಾರದ್ದನ್ನೆಲ್ಲ ಮಾಡಿ, ನಾರತೊಡಗಿದಾಗ ಬಿಸಾಡಿ ಹೋದ.

ಹುಡುಗರು ಮರಳಿ ಬಂದು ನೋಡಿ ಕೆರಳಿದರು. ಊರಿಗೇ ಬೆಂಕಿಯಿಡಲು ಹೊರಟು, ಆಮೇಲೆ ತಡೆದುಕೊಂಡರು. ಹೆಣವನ್ನು ತಂದು ಗೌರವದಿಂದ ಮಣ್ಣು ಮಾಡಿದರು. ಗ್ರೀಕ್ ಇತಿಹಾಸಕಾರ ಡಿಯೋಡೋರಸ್ ಇಷ್ಟನ್ನೂ ಬರೆದಿಟ್ಟಿದ್ದಾನೆ. ಹಿರಿಯರದು ತಪ್ಪೆಂದು ನಾನು ಸುಲಭವಾಗಿ ಹೇಳಲಾರೆ. ಮಕ್ಕಳುಮರಿ ಇರುವ ಊರು. ಆದರೆ ಇಪ್ಪತ್ತಮೂರು ಶತಮಾನಗಳಾದ ಮೇಲೆ ಜನ ಹುಡುಕಿಕೊಂಡು ಹೋಗುವುದು ಹುಡುಗರು ಕೆತ್ತಿಸಿದ ಗೋರಿಯನ್ನು.

ಹಕ್ಕಿಗೂಡು

ಗೋರಿಯ ಮಾತು ಬಂದದ್ದರಿಂದ ಇದೊಂದು. ಟರ್ಮೆಸೋಸಿನಿಂದ ತಂದ ಪುಟ್ಟ ಶವಪೆಟ್ಟಿಗೆಯೊಂದು ಅಂಟಾಲ್ಯದ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಅದು ಸ್ಟೆಫಾನೋಸ್ ಎಂಬ ನಾಯಿಯದು. ರೋಡೋಪೆ ಎಂಬ ಒಡತಿ ಅತ್ತು, ಮನುಷ್ಯನಿಗೆ ಮಾಡುವಂತೆ ಮಣ್ಣು ಮಾಡಿದಳೆಂದು ಮೇಲೆ ಬರೆಸಿದ್ದಾಳೆ. ಸಂಗ್ರಹಾಲಯ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗಿ. ನಿಮ್ಮ ಮಗನಿಗೆ ಅಲೆಕ್ಸಾಂಡರನಿಗಿಂತ ಈ ನಾಯಿ ನೆನಪಿರುತ್ತದೆ.

ನೀಲಿಕೊಡೆ

ಹೋಗಿ ಬಂದೆವು! ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಬಿಸಿಬೇಳೆ ಅವರ ಮಾತು ಕೇಳಿ ಇಡೀ ದಿನಕ್ಕೆ ಕಾರು ಮಾಡಿದ್ದೆವು. ಎಂಟೂವರೆಗೆ ಹೊರಟೆವು. ಅಮ್ಮನಿಗೆ ಎರಡು ಊರುಗೋಲು, ಬೆನ್ನಿಗೆ ಸಣ್ಣ ಚೀಲ, ಅದರಲ್ಲಿ ಬೇಡವೆಂದರೂ ಬಿಡದೆ ತಂದ ಕೋಡುಬಳೆ. ಗರಡಿಮನೆಯವರೆಗೆ ಒಂದು ಗಂಟೆ ಹತ್ತು ನಿಮಿಷ. ಅಲ್ಲಿ ಅರ್ಧ ಗಂಟೆ ವಿಶ್ರಾಂತಿ. ‘ಸಾಕಮ್ಮ’ ಎಂದರೆ ‘ನೀವು ಮುಂದೆ ಹೋಗಿ, ನಾನು ಬರುತ್ತಿರುತ್ತೇನೆ’ ಎಂದರು. ಬಂದೇ ಬಂದರು, ಚೌಕದವರೆಗೆ. ಅಲ್ಲಿಗೆ ಮಂಡಿ ಕೈಕೊಟ್ಟಿತು. ರಂಗಮಂದಿರ ನೂರಿನ್ನೂರು ಹೆಜ್ಜೆ ದೂರದಲ್ಲಿತ್ತು, ನೋಡಲಿಲ್ಲ. ಮಗ ತೆಗೆದ ಚಿತ್ರವನ್ನು ಮೊಬೈಲಿನಲ್ಲಿ ನೋಡಿ, ‘ಕಲ್ಲಿನ ಮೆಟ್ಟಿಲು ತಾನೇ, ಬಂದ ದಾರಿಯಲ್ಲಿ ಬೇಕಾದಷ್ಟು ನೋಡಿದೆ’ ಎಂದರು.

ಮಗನ ಲೆಕ್ಕ: ಆಮೆ ನಾಲ್ಕು, ಓತಿಕ್ಯಾತ ಹನ್ನೊಂದು, ನಟ್‌ಹ್ಯಾಚ್ ಗೂಡು ಒಂದು (ಖಾಲಿ), ಮೇಕೆಯದೆಂದು ಅವನು ಆಣೆ ಮಾಡಿ ಹೇಳುವ ಹಿಕ್ಕೆ ಒಂದು ಗುಡ್ಡೆ. ಕಾಡುಮೇಕೆ ಸೊನ್ನೆ, ಜಿಂಕೆ ಸೊನ್ನೆ. ಹಿಕ್ಕೆಯನ್ನು ಕಾಗದದಲ್ಲಿ ಕಟ್ಟಿ ಊರಿಗೆ ತರಲು ನೋಡಿದ, ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು.

ಅಮ್ಮ ಚೌಕದಲ್ಲಿ ಆ ತೊಟ್ಟಿಯ ಹತ್ತಿರ ಕುಳಿತಿದ್ದರು. ನಾವು ರಂಗಮಂದಿರದಿಂದ ಮರಳಿದಾಗ ಬಾಯಿಯ ಅಂಚನ್ನು ಕೈಯಿಂದ ಸವರಿ ನೋಡುತ್ತಿದ್ದರು. ಅಜ್ಜಿಯ ಮನೆಯ ಬಾವಿಕಟ್ಟೆಯಲ್ಲಿ ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಗೆರೆ ಬಿದ್ದಿದ್ದು ನನಗೆ ನೆನಪಿದೆ, ಅದನ್ನೇ ಹುಡುಕುತ್ತಿದ್ದರೇನೋ. ಆಮೇಲೆ ಯಜಮಾನರನ್ನು ಕೇಳಿದರು: ‘ಅಲ್ಲಪ್ಪ, ಮಳೆನೀರು ಅಂದ ಮೇಲೆ ಮಣ್ಣು, ಎಲೆ ಎಲ್ಲ ಬಂದು ಬೀಳುತ್ತದೆ. ಇದರ ಹೂಳು ಯಾರು ತೆಗೆಯುತ್ತಿದ್ದರು? ಯಾವ ತಿಂಗಳಲ್ಲಿ ಇಳಿಯುತ್ತಿದ್ದರು?’ ಅತ್ತಾಲೋಸ್, ಓಸ್ಬಾರಸ್ ಎಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದ ನಮ್ಮವರು ಕಕ್ಕಾಬಿಕ್ಕಿ. ಕಲ್ಲುಮಂಟಪ ಅವರೇ, ಉತ್ತರ ನಿಮ್ಮಿಂದಲೇ ಬರಬೇಕು.

ಕಲ್ಲುಮಂಟಪ

ಮೂರು ಸಲ ಹೋಗಿ ಆ ಬಾಯಿಯಲ್ಲಿ ಇಣುಕಿದ್ದೇನೆ, ಈ ಪ್ರಶ್ನೆ ಒಂದು ಸಲವೂ ಹೊಳೆಯಲಿಲ್ಲ. ಕಟ್ಟಿಸಿದವರ ಹೆಸರು ಕಲ್ಲಿನಲ್ಲಿದೆ, ಹೂಳೆತ್ತಿದವರ ಹೆಸರನ್ನು ನಾನೆಲ್ಲೂ ಓದಿಲ್ಲ. ತಿಂಗಳು ಮಾತ್ರ ಊಹಿಸಬಹುದು: ಬೇಸಿಗೆಯ ಕೊನೆ, ನೀರು ತಳ ಕಂಡಾಗ, ಮೊದಲ ಮಳೆಗೆ ಮುಂಚೆ. ನಿಮ್ಮ ಅಮ್ಮ ಏನೆನ್ನುತ್ತಾರೆ?

ನೀಲಿಕೊಡೆ

ಕೇಳಿದೆ. ‘ಮತ್ತೆ? ನೀರಿರುವಾಗ ಇಳಿಯುತ್ತಾರೆಯೇ’ ಎಂದರು.

ಚಾರಣದ ಚೀಲ

ಇಳಿಯುವಾಗ ಮಂಡಿ ಹೇಗಿತ್ತು, ಅದನ್ನು ಹೇಳಿ.

ನೀಲಿಕೊಡೆ

ನೀವು ಹೇಳಿದ್ದು ನಿಜ ಸರ್. ಇಳಿಯಲು ಎರಡೂವರೆ ಗಂಟೆ. ಕೊನೆಯ ಇಳಿಜಾರಿನಲ್ಲಿ ಯಜಮಾನರು ಮುಂದೆ, ನಾನು ಹಿಂದೆ, ಅಮ್ಮ ಎರಡು ಕಡೆ ಕುಳಿತುಕೊಂಡೇ ಜಾರಿದರು. ಮರುದಿನವಿಡೀ ಹೋಟೆಲಿನಲ್ಲಿ ಬಿಸಿನೀರಿನ ಶಾಖ. ಆರು ಲೀಟರ್ ನೀರು ಒಯ್ದಿದ್ದೆವು, ಕಾರಿಗೆ ಮರಳಿದಾಗ ಉಳಿದದ್ದು ಅರ್ಧ ಬಾಟಲಿ. ಅದನ್ನು ಮಗ ವಾಹನ ನಿಲ್ಲಿಸುವ ಜಾಗದಲ್ಲಿದ್ದ ಬೆಕ್ಕಿಗೆ ಮುಚ್ಚಳದಲ್ಲಿ ಹಾಕಿ ಕುಡಿಸಿದ. ಬಿಸಿಬೇಳೆ ಅವರೇ, ನಿಮ್ಮದೇ ಬೆಕ್ಕಿರಬಹುದು.